ಮಾಯಬಾಪ ಪ್ರೇಕ್ಷಕರು ಮತ್ತು ಬಾಲಗಂಧರ್ವರು

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡದ ಹಿರಿಯರ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದನ್ನು ಬಿಟ್ಟು ಮರಾಠಿ ರಂಗಭೂಮಿಯ ನಟರೊಬ್ಬರ ಜೀವನವನ್ನು ಹೇಳಹೊರಟದ್ದೇಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಎರಡು ಕಾರಣಗಳುಂಟು. ಹೊಟ್ಟೆಪಾಡಿಗಾಗಿ ಪುಣೆ ಮುಂಬಯಿಗಳಿಗೆ ಬಂದು ನೆಲೆಸಿದ ನಾವು ಈ ನೆಲದ ಅನ್ನವನ್ನು ಉಂಡವರು. ನೆರೆಮನೆಯವರು ತಮ್ಮ ಮನೆಯ ಮಾಣಿಕ್ಯವೆಂದು ಎತ್ತಿ ಹಿಡಿಯುವ ವಸ್ತುವನ್ನು ನಾವೂ ಕಣ್ತುಂಬ ನೋಡಬೇಕಾದುದು ನೆರೆಹೊರೆಯ ಧರ್ಮ. ಮೇಲಾಗಿ ಆ ಮಾಣಿಕ್ಯದ ಕಥೆಯಲ್ಲಿ ಕನ್ನಡ ನಾಡಿನ ಮಣ್ಣೂ ಸಾಕಷ್ಟು ಅಂಟಿಕೊಂಡಿದೆ. ಇದು ಮೊದಲನೆಯ ಕಾರಣ. ಎರಡನೆಯದು, ಅಭಿಮಾನವೆಂಬ ಪದಾರ್ಥವು ಒಬ್ಬ ಕಲಾವಿದನನ್ನು ಹೇಗೆ ಕಟ್ಟುತ್ತದೆ, ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ತಿಳಿಯಬೇಕಾದರೆ ಬಾಲಗಂಧರ್ವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಮೀಪದಲ್ಲಿ ಸಿಕ್ಕಲಾರದು.

ನಾರಾಯಣ ಶ್ರೀಪಾದ ರಾಜಹಂಸರು ಹುಟ್ಟಿದ್ದು 1888ರ ಜೂನ್ 26ರಂದು. ಮನೆತನ ಸಾಂಗಲಿಯ ಕಡೆಯ ನಾಗಠಾಣೆಯದು. ಮನೆಯಲ್ಲಿ ಬಡತನವಿತ್ತು, ಹುಡುಗನ ಕಂಠದಲ್ಲಿ ಮಾತ್ರ ದೇವರು ಬಡತನವನ್ನು ಇಟ್ಟಿರಲಿಲ್ಲ. ಹತ್ತು ವರುಷದ ಬಾಲಕ ಪುಣೆಯಲ್ಲಿ ಹಾಡಿದ್ದನ್ನು ಲೋಕಮಾನ್ಯ ತಿಲಕರು ಕೇಳಿ ಮೆಚ್ಚಿ ಅವನನ್ನು ಬಾಲಗಂಧರ್ವನೆಂದು ಕರೆದರೆಂದೂ, ಆ ಹೆಸರೇ ನಿಂತಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಎಂಬತ್ತರ ಸಮೀಪಕ್ಕೆ ಬಂದಾಗಲೂ ಅವರು ಬಾಲಗಂಧರ್ವರೇ ಆಗಿದ್ದರು. ಈ ಹೆಸರಿನಲ್ಲಿಯೇ ಅವರ ಮುಂದಿನ ಭಾಗ್ಯವೂ ಸಂಕಟವೂ ಅಡಗಿದ್ದವೆಂದು ನಮಗೆ ತೋರುತ್ತದೆ. ಜನರು ಅವರನ್ನು ಕಡೆಯವರೆಗೂ ಬೆಳೆಯಗೊಡಲಿಲ್ಲ, ಮುದುಕರಾಗಗೊಡಲಿಲ್ಲ.

ಹುಡುಗನಿಗೆ ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯ ದೊರೆಯಿತು. ಕಿವಿಯ ವ್ಯಾಧಿಗಾಗಿ ಮೀರಜದಲ್ಲಿ ಚಿಕಿತ್ಸೆಯೂ ಆಯಿತು. 1905ರಲ್ಲಿ ಅವನು ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದನು.

ಈ ಮಂಡಳಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ನೋಡಿದ ಸಾಂಗಲಿಯ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಮರಾಠಿ ನಾಟಕದ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಮುಂದೆ 1880ರಲ್ಲಿ ಶಾಕುಂತಲವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗೆ ನಮ್ಮ ಕಡೆಯಿಂದ ಹೋದ ಬೀಜ ಅವರ ಹೊಲದಲ್ಲಿ ಹುಲುಸಾಗಿ ಬೆಳೆಯಿತು. ಆ ಬೆಳೆಯ ಕಾಳು ಮತ್ತೆ ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಬಂತು. ಕೊಡು-ಕೊಳ್ಳುವ ಈ ಲೆಕ್ಕ ಇಂದಿಗೂ ಚುಕ್ತಾ ಆಗಿಲ್ಲ, ಆಗುವುದೂ ಬೇಡ.

ಕಿರ್ಲೋಸ್ಕರ ಮಂಡಳಿಯಲ್ಲಿ ಸ್ತ್ರೀಪಾತ್ರಗಳನ್ನು ಮೆರೆಸಿದ ಭಾವೂರಾವ ಕೊಲ್ಹಟಕರರು 1901ರಲ್ಲಿ ತೀರಿಕೊಂಡಿದ್ದರು. ಕಂಪನಿಯ ಗಾಯನ ಸೊರಗಿತ್ತು. ಅಂಥ ಸಮಯದಲ್ಲಿ ಹದಿನೇಳರ ನಾರಾಯಣ ಶಕುಂತಲೆಯಾಗಿ ನಿಂತನು. ಆಗಿನ ಕಾಲದಲ್ಲಿ ಮರ್ಯಾದಸ್ಥ ಮನೆತನದ ಹೆಂಗಸರು ರಂಗವನ್ನು ಏರುತ್ತಿರಲಿಲ್ಲ. ಗಂಡಸರೇ ಸೀರೆಯುಟ್ಟು ಸ್ತ್ರೀಪಾರ್ಟು ಮಾಡುವುದು ರೂಢಿ. ಆದರೆ ಈ ಹುಡುಗ ಹೆಣ್ಣಿನ ವೇಷ ಹಾಕಿದ ಗಂಡಸಿನಂತೆ ಯಾರಿಗೂ ಕಾಣಿಸಲಿಲ್ಲ. ನಿಲ್ಲುವುದರಲ್ಲಿ, ಓರೆಯಾಗಿ ನೋಡುವುದರಲ್ಲಿ, ಸೆರಗನ್ನು ಸರಿಪಡಿಸಿಕೊಳ್ಳುವುದರಲ್ಲಿ ಒಂದು ಕುಲೀನ ಸಂಕೋಚವಿತ್ತು. ಅದರ ಮೇಲೆ ಭಾಸ್ಕರಬುವಾ ಬಖಲೆಯವರಿಂದ ಪಡೆದ ಶಿಕ್ಷಣ. ಈ ಬಖಲೆಬುವಾ ಕೆಲಕಾಲ ಧಾರವಾಡದಲ್ಲಿ ಸಂಗೀತ ಮಾಸ್ತರರಾಗಿದ್ದವರು. ನಮ್ಮ ಹಿರಿಯರಿಗೆ ಅಪರಿಚಿತರಲ್ಲ.

1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ಖಾಡಿಲಕರರ ಮಾನಾಪಮಾನದ ಮೊದಲ ಪ್ರಯೋಗ. ತಿಕೀಟುಗಳೆಲ್ಲ ಖರ್ಚಾಗಿದ್ದವು. ಅದೇ ದಿನ ನಾರಾಯಣರಾವರ ಚಿಕ್ಕ ಮಗಳು ತೀರಿಕೊಂಡಳು. ಆಟವನ್ನು ಮುಂದಕ್ಕೆ ಹಾಕಬಹುದಾಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಬಂದ ಜನರನ್ನು ಹಿಂದಕ್ಕೆ ಕಳಿಸಲು ಅವರ ಮನಸ್ಸು ಒಪ್ಪಲಿಲ್ಲ. ಇಪ್ಪತ್ತೆರಡರ ತರುಣ ತಂದೆ ಅಂದು ಸಂಜೆ ಬಣ್ಣ ಹಚ್ಚಿ ಭಾಮಿನಿಯಾಗಿ ಹಾಡಿದರು. ಈ ಸಂಗತಿಯನ್ನು ಕಲಾನಿಷ್ಠೆಯ ಮಾದರಿಯೆಂದು ಎಲ್ಲರೂ ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಮಕ್ಕಳೊಂದಿಗರಾದ ವಾಚಕರು ಒಂದು ಗಳಿಗೆ ನಿಂತು ಯೋಚಿಸಬೇಕು. ನಮಗೆ ಆನಂದ ಕೊಡುವವನು ಎಷ್ಟನ್ನು ಒಳಗೆ ನುಂಗಿಕೊಂಡು ದೀಪದ ಮುಂದೆ ಬಂದಿದ್ದಾನೆಂಬುದು ಕುರ್ಚಿಯಲ್ಲಿ ಕುಳಿತ ನಮಗೆ ತಿಳಿಯುವುದೇ ಇಲ್ಲ.

1913ರಲ್ಲಿ ಗಣಪತರಾವ ಬೋಡಸ್ ಮತ್ತು ಗೋವಿಂದರಾವ ಟೇಂಬೆಯವರ ಜೊತೆಗೂಡಿ ಅವರು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. 1916ರಲ್ಲಿ ಸ್ವಯಂವರದ ರುಕ್ಮಿಣಿ ಬಂದಳು. ಸೌಭದ್ರದ ಸುಭದ್ರೆ, ಮೃಚ್ಛಕಟಿಕದ ವಸಂತಸೇನೆ ಮೊದಲಾದ ಪಾತ್ರಗಳು ಮನೆಮನೆಯ ಮಾತಾದವು. ಹಾರ್ಮೋನಿಯಮ್ಮಿನ ಬದಲು ಆರ್ಗನ್, ಸಾರಂಗಿಗೆ ಕಾದರಬಕ್ಷರು, ಮುಂದೆ ತಬಲೆಗೆ ಅಹಮದಜಾನ್ ಥಿರಕವಾ. ಇಂಥವರನ್ನು ದರಬಾರಿನಲ್ಲಿ ಕೇಳುವುದು ಅರಸರಿಗೆ ಮಾತ್ರ ಸಾಧ್ಯವಿದ್ದ ಕಾಲದಲ್ಲಿ ಕೆಲವು ಆಣೆಗಳ ತಿಕೀಟಿನ ಗುಮಾಸ್ತನೂ ಕೇಳಿದನು. ಶಾಸ್ತ್ರೀಯ ರಾಗಗಳು ಮನೆಯ ಜಗಲಿಗೆ ಇಳಿದು ಬಂದದ್ದು ಇಂಥ ನಾಟಕಗಳಿಂದಲೇ.

ಆಗಿನ ಅಭಿಮಾನದ ಸ್ವರೂಪವನ್ನು ಇಂದಿನವರಿಗೆ ಹೇಗೆ ತಿಳಿಸುವುದು! ಬಾಲಗಂಧರ್ವರು ರಂಗದ ಮೇಲೆ ಸೀರೆಯುಟ್ಟಂತೆ ಪುಣೆ ಮುಂಬಯಿಯ ದೊಡ್ಡ ಮನೆಗಳ ಹೆಂಗಸರು ಉಟ್ಟರು. ಅವರು ತುರುಬು ಕಟ್ಟಿ ಹೂ ಮುಡಿದಂತೆ ಇವರೂ ಮುಡಿದರು. ಗಂಡಸೊಬ್ಬನಿಂದ ಹೆಂಗಸರು ಸಿಂಗಾರವನ್ನು ಕಲಿತ ವಿಚಿತ್ರವಿದು! ಒಂದು ಪದ ಮುಗಿದೊಡನೆ ಒನ್ಸ್‌ಮೋರ್ ಎಂಬ ಕೂಗು. ಮತ್ತೆ ಹಾಡಿದರೆ ಮತ್ತೆ ಕೂಗು. ಅವರೂ ಬೇಸರಿಸದೆ ಪ್ರತಿ ಸಲವೂ ಬೇರೆ ಬೇರೆ ತಾನುಗಳಿಂದ ಅದೇ ಪದವನ್ನು ಹೊಸದಾಗಿ ಮಾಡಿ ಕೊಡುವರು. ರಾತ್ರಿ ಆರಂಭವಾದ ಆಟ ನಸುಕಿನವರೆಗೆ ನಡೆಯುವುದು. ಕಥೆ ಮುಂದೆ ಸಾಗಲೆಂಬ ಅವಸರ ಯಾರಿಗೂ ಇರುತ್ತಿರಲಿಲ್ಲ.

ಅಭಿಮಾನ ಇದ್ದಲ್ಲಿ ಪಕ್ಷವೂ ಇರುತ್ತದೆ. ಕೇಶವರಾವ ಭೋಸಲೆಯವರ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಭೋಸಲೆಯವರ ಅಭಿಮಾನಿಗಳೂ ಗಂಧರ್ವರ ಅಭಿಮಾನಿಗಳೂ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. ನಟರಿಬ್ಬರಲ್ಲಿ ಮಾತ್ರ ಅಂಥ ವೈರವಿರಲಿಲ್ಲ. 1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಗಾಗಿ ಇಬ್ಬರೂ ಒಂದೇ ರಂಗದ ಮೇಲೆ ಮಾನಾಪಮಾನವನ್ನು ಆಡಿದರು; ಕೇಶವರಾವರು ಧೈರ್ಯಧರ, ನಾರಾಯಣರಾವರು ಭಾಮಿನಿ. ಅದೇ ವರುಷದ ಅಕ್ಟೋಬರಿನಲ್ಲಿ ಕೇಶವರಾವರು ಅಕಾಲ ಮರಣಕ್ಕೆ ತುತ್ತಾದರು. ಕುಂದಗೋಳದ ರಾಮಭಾವೂ ಅವರನ್ನೂ ಇಲ್ಲಿ ನೆನೆಯಬೇಕು. ಕನ್ನಡದ ಈ ಮಗ ಮರಾಠಿ ರಂಗದಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿದಾಗ ರಸಿಕರು ಅವರಿಗೆ ಸವಾಯಿ ಗಂಧರ್ವರೆಂದು ಹೆಸರಿಟ್ಟರು. ಸವಾಯಿಯೆಂದರೆ ಒಂದೂಕಾಲು. ಮೆಚ್ಚಬೇಕಾದರೂ ಒಬ್ಬನನ್ನು ಇನ್ನೊಬ್ಬನ ಪಕ್ಕದಲ್ಲಿಟ್ಟು ತಕ್ಕಡಿಯಲ್ಲಿ ತೂಗಬೇಕು. ಇದು ಅಭಿಮಾನಿಗಳ ಹಳೆಯ ಚಟ!

ಬಾಲಗಂಧರ್ವರು ಪ್ರೇಕ್ಷಕರನ್ನು ಮಾಯಬಾಪ ಎನ್ನುತ್ತಿದ್ದರು, ತಾಯಿತಂದೆ ಎಂದರ್ಥ. ಇದು ಬರಿಯ ಬಾಯುಪಚಾರವಾಗಿರಲಿಲ್ಲ. ತಾಯಿತಂದೆಗಳ ಮುಂದೆ ಸುಳ್ಳು ಸಾಮಾನನ್ನು ಇಡಬಾರದೆಂದು ಅವರ ವ್ರತ. ರಾಣಿಯ ಪಾತ್ರಕ್ಕೆ ನಿಜವಾದ ಜರಿಯ ಸೀರೆ, ರಂಗದ ಮೇಲೆ ಬೆಲೆಬಾಳುವ ಗಾಲೀಚೆ, ಮಖಮಲ್ಲಿನ ಪರದೆ. ಪ್ರೇಕ್ಷಾಗೃಹದಲ್ಲಿ ಅತ್ತರಿನ ಪರಿಮಳ. ಕಂಪನಿಯ ದೊಡ್ಡ ಪರಿವಾರಕ್ಕೆಲ್ಲ ಪಕ್ವಾನ್ನದ ಪಂಕ್ತಿ. ಬಂದ ಹಣ ಬಂದ ಹಾಗೆಯೇ ಹೋಯಿತು. ಲೆಕ್ಕಪತ್ರ ನೋಡುವ ಸ್ವಭಾವ ಅವರದಲ್ಲ. ಪಾಲುದಾರರು ಒಬ್ಬೊಬ್ಬರಾಗಿ ಬೇರೆಯಾದರು. 1921ರ ಹೊತ್ತಿಗೆ ಕಣ್ಣು ತೆರೆದು ನೋಡಿದರೆ ದೊಡ್ಡ ಸಾಲ ತಲೆಯ ಮೇಲಿತ್ತು. ದಿವಾಳಿ ಎತ್ತಿದ್ದರೆ ಸುಲಭವಾಗಿ ಪಾರಾಗಬಹುದಿತ್ತು. ಅವರು ಹಾಗೆ ಮಾಡದೆ ಸಾಲವನ್ನು ತಮ್ಮ ಮೇಲೆ ಹೊತ್ತು ಹಾಡಿ ಹಾಡಿಯೇ ತೀರಿಸತೊಡಗಿದರು.

ಅವರು ಜನರ ಅಪೇಕ್ಷೆಗೆ ವಿರುದ್ಧವಾಗಿ ನಡೆದು ಗೆದ್ದ ಒಂದು ಪ್ರಸಂಗವನ್ನು ಮರೆಯಬಾರದು. ರಾಮ ಗಣೇಶ ಗಡಕರಿಯವರ ಏಕಚ ಪ್ಯಾಲಾ ನಾಟಕವು ಕವಿ ತೀರಿಹೋದ ಮೇಲೆ, 1920ರಲ್ಲಿ ರಂಗಕ್ಕೆ ಬಂತು. ಅದರ ಸಿಂಧು ಕುಡುಕನ ಹೆಂಡತಿ. ಜರಿಯ ಸೀರೆ, ವಜ್ರದ ಮೂಗುತಿಗಳಲ್ಲಿ ಗಂಧರ್ವರನ್ನು ಕಾಣಲು ಬಂದವರ ಮುಂದೆ ಅವರು ಹರಕು ಸೀರೆಯುಟ್ಟು ಬೀಸುವ ಕಲ್ಲಿನ ಬಳಿ ಕುಳಿತರು. ಸಭೆ ಕಣ್ಣೀರಿಟ್ಟಿತು. ಪ್ರೇಕ್ಷಕನಿಗೆ ತನಗೇನು ಬೇಕೆಂಬುದು ಮೊದಲೇ ತಿಳಿದಿರುವುದಿಲ್ಲ. ಕಲಾವಿದನು ಕೊಟ್ಟ ಮೇಲೆಯೇ ತಿಳಿಯುತ್ತದೆ ಎಂಬುದಕ್ಕೆ ಈ ಸಿಂಧುವೇ ಸಾಕ್ಷಿ. ಆಗ ನಾರಾಯಣರಾವರ ವಯಸ್ಸು ಮೂವತ್ತೆರಡರ ಒಳಗೆ. ಜನರನ್ನು ಹೊಸ ದಾರಿಗೆ ಕರೆದೊಯ್ಯುವ ಬಲ ಅವರಲ್ಲಿತ್ತು. ಆದರೆ ಹಳೆಯ ನಾಟಕಗಳಿಗೇ ಕೂಗು ಹೆಚ್ಚು. ಸಾಲ ತೀರಿಸುವವನಿಗೆ ಕೂಗು ಇದ್ದಲ್ಲಿಗೆ ಹೋಗದೆ ಗತ್ಯಂತರವಿಲ್ಲ. ವರುಷಗಳು ಉರುಳಿದವು. ರುಕ್ಮಿಣಿ ಹದಿನಾರರವಳಾಗಿಯೇ ಉಳಿದಳು. ರುಕ್ಮಿಣಿಯಾಗುವವರು ನಲವತ್ತನ್ನು ದಾಟಿದರು, ಮೈ ಸ್ಥೂಲವಾಯಿತು.

1931ರಲ್ಲಿ ಮಾತನಾಡುವ ಚಿತ್ರಗಳು ಬಂದವು. ಕೆಲವಾಣೆಗೆ ಎರಡು ಮೂರು ತಾಸಿನಲ್ಲಿ ಕಥೆ ಮುಗಿಯುವ ಹೊಸ ವಿನೋದ. ಅದೇ ಹೊತ್ತಿಗೆ ರಂಗದ ಮೇಲೆ ಹೆಂಗಸರ ಪಾತ್ರವನ್ನು ಹೆಂಗಸರೇ ವಹಿಸತೊಡಗಿದರು. ಗಂಧರ್ವ ಮಂಡಳಿಯ ಕುರ್ಚಿಗಳು ಖಾಲಿಯಾಗತೊಡಗಿದವು. ನಾರಾಯಣರಾವರು ಮಂಡಳಿಯನ್ನು ನಿಲ್ಲಿಸಿ ಪ್ರಭಾತ ಕಂಪನಿಯನ್ನು ಸೇರಿ 1935ರಲ್ಲಿ ಶಾಂತಾರಾಮರ ಧರ್ಮಾತ್ಮಾ ಚಿತ್ರದಲ್ಲಿ ಸಂತ ಏಕನಾಥರಾದರು. ಅಸ್ಪೃಶ್ಯರ ಮನೆಯಲ್ಲಿ ಉಂಡ ಸಂತನ ಆ ಕಥೆ ಉದಾತ್ತವಾದುದು. ಪಾತ್ರವೂ ಅವರ ವಯಸ್ಸಿಗೆ ತಕ್ಕದ್ದು. ಆದರೆ ರುಕ್ಮಿಣಿಯನ್ನು ಕಾಣುವ ಚಟ ಹತ್ತಿದ ಕಣ್ಣುಗಳಿಗೆ ಗಂಡುಡುಗೆಯ ಗಂಧರ್ವರು ರುಚಿಸಲಿಲ್ಲ. ಅವರಿಗೂ ಚಿತ್ರಶಾಲೆ ಒಗ್ಗಲಿಲ್ಲ. ಎದುರಿಗೆ ಮಾಯಬಾಪರಿಲ್ಲ, ಒನ್ಸ್‌ಮೋರ್ ಇಲ್ಲ, ಯಂತ್ರ ಹೇಳಿದಷ್ಟೇ ಹಾಡಬೇಕು. ಒಂದೇ ಚಿತ್ರಕ್ಕೆ ಆ ಸಂಬಂಧ ಮುಗಿಯಿತು. 1937ರಲ್ಲಿ ಮೀರಾಬಾಯಿಯಾಗಿ ಮತ್ತೆ ಸೀರೆಯುಟ್ಟು ಪರದೆಯ ಮೇಲೆ ಬಂದರು. ರಂಗದ ದೂರದಲ್ಲಿ ಮರೆಯಾಗಿದ್ದ ವಯಸ್ಸನ್ನು ಕ್ಯಾಮೆರಾ ಮರೆಮಾಚಲಿಲ್ಲ, ಅದೂ ನಡೆಯಲಿಲ್ಲ. ಗಂಡಾದರೆ ಗಂಧರ್ವರಲ್ಲ, ಹೆಣ್ಣಾದರೆ ಮೊದಲಿನ ಗಂಧರ್ವರಲ್ಲ! ಜನರ ಈ ನ್ಯಾಯದ ಎದುರು ಯಾವ ನಟನು ತಾನೇ ಗೆದ್ದಾನು?

ಈ ಗಳಿಗೆಯಲ್ಲಿ ಕಥೆ ನಮ್ಮ ನಾಡಿಗೆ ತಿರುಗುತ್ತದೆ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಕಲಾವಿದರ ಮನೆತನವೊಂದಿತ್ತು. ಆ ಮನೆಯ ಅಮೀರಬಾಯಿ ಮುಂದೆ ಹಿಂದೀ ಚಿತ್ರಗಳಲ್ಲಿ ಹಾಡಿ ದೇಶಕ್ಕೆಲ್ಲ ಅಮೀರಬಾಯಿ ಕರ್ನಾಟಕಿಯಾದರು. ಅವರ ಅಕ್ಕ ಗೋಹರಬಾಯಿ ಗಂಧರ್ವರ ಗಾಯಕಿಯ ಪರಮ ಆರಾಧಕಿ. ಗಂಧರ್ವರ ಪದಗಳನ್ನು ಅವರದೇ ಧಾಟಿಯಲ್ಲಿ, ಅವರದೇ ಮುರಕಿಗಳೊಡನೆ ಹಾಡುವಷ್ಟು ಆ ಕಂಠ ಪಳಗಿತ್ತು. 1938ರ ಸುಮಾರಿಗೆ ಅವರು ಗಂಧರ್ವರ ಮಂಡಳಿಯನ್ನು ಸೇರಿ ನಾಯಿಕೆಯ ಪಾತ್ರಗಳನ್ನು ವಹಿಸಿದರು. ನಾರಾಯಣರಾವರು ಪುರುಷ ಪಾತ್ರಗಳಿಗೆ ಸರಿದರು. ಐವತ್ತರ ನಟನಿಗೆ ಇದಕ್ಕಿಂತ ಸಹಜವಾದ ವ್ಯವಸ್ಥೆ ಯಾವುದು? ಆದರೆ ಅಭಿಮಾನಿಗಳು ಸಿಟ್ಟಾದರು. ರುಕ್ಮಿಣಿಯ ಸೀರೆಯನ್ನು ಬೇರೊಬ್ಬರು ಉಡುವುದನ್ನು ಅವರು ಸಹಿಸಲಿಲ್ಲ. ಅದರಲ್ಲಿಯೂ ಉಟ್ಟವರು ಮುಸಲ್ಮಾನ ಹೆಂಗಸು, ಕರ್ನಾಟಕದವರು. ಪತ್ನಿ ಲಕ್ಷ್ಮೀಬಾಯಿಯವರು 1940ರಲ್ಲಿ ತೀರಿಕೊಂಡರು. ಮುಂದೆ ನಾರಾಯಣರಾವರೂ ಗೋಹರಬಾಯಿಯವರೂ ಒಂದೇ ಮನೆಯಲ್ಲಿ ಬಾಳತೊಡಗಿದಾಗ ಆಪ್ತರೆನಿಸಿದವರೂ ಮುಖ ತಿರುವಿದರು. ಮಂಡಳಿ ಮುಳುಗಿದ ಅಪವಾದವೆಲ್ಲ ಆ ಹೆಂಗಸಿನ ತಲೆಗೆ ಬಂತು. ಅದು ಮೊದಲೇ ಮುಳುಗುತ್ತಿತ್ತೆಂಬುದನ್ನು ಬಲ್ಲವರೂ ಬಾಯಿ ಬಿಡಲಿಲ್ಲ.

ಇಬ್ಬರ ಮನೆಯೊಳಗಿನ ಸುಖದುಃಖಗಳನ್ನು ತೂಗುವುದು ನಮ್ಮ ಕೆಲಸವಲ್ಲ. ಆ ಬಗ್ಗೆ ಬರೆದವರಲ್ಲಿ ಭಿನ್ನಾಭಿಪ್ರಾಯಗಳಿವೆ. ಇಷ್ಟು ಮಾತ್ರ ನಿಶ್ಚಯ: ಪರದೆ ಬಿದ್ದ ಮೇಲೆ ಸಾವಿರಾರು ಅಭಿಮಾನಿಗಳು ತಮ್ಮ ತಮ್ಮ ಮನೆಗಳಿಗೆ ಹೋದರು, ಹೋಗದೆ ಉಳಿದ ಅಭಿಮಾನಿ ಬೀಳಗಿಯ ಗೋಹರಬಾಯಿ. ಕಾಲುಗಳ ಶಕ್ತಿ ಕುಂದಿದಾಗ, ಸಂಪಾದನೆ ನಿಂತಾಗ ಅವರು ಜೊತೆಗಿದ್ದರು. 1964ರಲ್ಲಿ ಗೋಹರಬಾಯಿಯವರು ತೀರಿಕೊಂಡಾಗ ನಾರಾಯಣರಾವರಿಗೆ ಎಪ್ಪತ್ತಾರರ ವಯಸ್ಸು.

ಐವತ್ತರ ದಶಕದವರೆಗೂ ಜನರು ಕರೆದಾಗ ಅವರು ಬಣ್ಣ ಹಚ್ಚಿದರು. ಅರವತ್ತು ದಾಟಿದ ಮುಖದ ಮೇಲೆ ಸಿಂಧುವಿನ ಕುಂಕುಮ. ಕಣ್ಣುಮುಚ್ಚಿ ಕೇಳಿದವರು ಹಳೆಯ ಗಂಧರ್ವರನ್ನೇ ಕಂಡೆವೆಂದರು. ಕಣ್ಣು ತೆರೆದು ನೋಡಿದವರು ತಲೆ ತಗ್ಗಿಸಿದರು. ಮುಂದೆ ಕುಳಿತಲ್ಲಿಯೇ ಭಜನೆಗಳನ್ನು ಹಾಡಿದರು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1955ರಲ್ಲಿ, ಪದ್ಮಭೂಷಣ 1964ರಲ್ಲಿ ಬಂದವು. ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರಕ್ಕೆ 1962ರಲ್ಲಿ ಅವರ ಕೈಯಿಂದಲೇ ಅಡಿಗಲ್ಲು ಇಡಿಸಿದರು. ಅದು ತೆರೆದದ್ದು 1968ರ ಜೂನ್ 26ರಂದು, ಅವರ ಹುಟ್ಟುಹಬ್ಬದ ದಿನ. ನೋಡಲು ಅವರಿರಲಿಲ್ಲ, 1967ರ ಜುಲೈ 15ರಂದು ಪುಣೆಯಲ್ಲಿ ಕಣ್ಣು ಮುಚ್ಚಿದ್ದರು. ಜೀವನದ ಉತ್ತರಾರ್ಧವನ್ನೆಲ್ಲ ಹಣದ ಅಡಚಣೆಯಲ್ಲಿ ಕಳೆದವರ ಹೆಸರಿಗೆ ಭವ್ಯ ಮಂದಿರ ಎದ್ದಿತು.

ಈ ಚರಿತ್ರೆಯಲ್ಲಿ ದುಷ್ಟರೆಂಬವರು ಯಾರೂ ಇಲ್ಲ. ಪ್ರೇಕ್ಷಕರು ಅವರನ್ನು ಪ್ರೀತಿಸಿದ್ದು ನಿಜ. ಅವರು ಪ್ರೇಕ್ಷಕರನ್ನು ಪೂಜಿಸಿದ್ದೂ ನಿಜ. ಲೋಪವಾದದ್ದು ಎಲ್ಲಿ? ತಾಯಿತಂದೆಯೆನ್ನಿಸಿಕೊಂಡವರು ತಾಯಿತಂದೆಯ ಒಂದು ಕರ್ತವ್ಯವನ್ನು ಮಾಡಲಿಲ್ಲ. ಮಗ ಬೆಳೆದು ಬೇರೆಯಾಗುವುದನ್ನು ಹೆತ್ತವರು ಕಣ್ಣೀರೊರಸಿಕೊಂಡಾದರೂ ಒಪ್ಪುತ್ತಾರೆ. ಈ ಮಾಯಬಾಪರು ಒಪ್ಪಲಿಲ್ಲ. ಅಂದು ಕೊಟ್ಟದ್ದನ್ನೇ ಎಂದೆಂದಿಗೂ ಕೊಡು ಎಂದರು. ಆತನೂ ಕೊಡುತ್ತೇನೆಂದು ಸೆರಗೊಡ್ಡಿ ನಿಂತುಬಿಟ್ಟನು.

ಕೊನೆಗೆ ನಮ್ಮ ಮನೆಯ ಮಾತು. ಊರು ಬಿಟ್ಟು ಬಂದ ನಮಗೆ ಈ ದೋಷ ಮಿಕ್ಕವರಿಗಿಂತ ಹೆಚ್ಚು. ನಾವು ಬಂಡಿ ಹತ್ತಿದ ದಿನ ಕನ್ನಡ ನಾಡು ಹೇಗಿತ್ತೋ ಹಾಗೆಯೇ ಅದು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ರಾಜ್ಯೋತ್ಸವಕ್ಕೆ ಊರ ಕಡೆಯಿಂದ ಗಾಯಕರನ್ನೋ ನಾಟಕ ತಂಡವನ್ನೋ ಕರೆಸುತ್ತೇವೆ. ಅವರು ಹೊಸದೊಂದನ್ನು ಆರಂಭಿಸಿದರೆ ಹಿಂದಿನ ಸಾಲುಗಳಿಂದ ಹಳೆಯದರ ಹೆಸರು ಕೂಗುತ್ತೇವೆ. ಬಾಲ್ಯದಲ್ಲಿ ಕೇಳಿದ ಪದ ಕೇಳಿದರೆ ಬಾಲ್ಯವೇ ಬಂದಂತಾಗುವುದೇನೋ ನಿಜ. ಆ ಆಸೆ ತಪ್ಪಲ್ಲ. ಆದರೆ ಹಾಡುವವರು ನಮ್ಮ ಬಾಲ್ಯವನ್ನು ಕಾಯುವ ಕಾವಲುಗಾರರಲ್ಲ. ಅವರಿಗೂ ವಯಸ್ಸಾಗುತ್ತದೆ, ಮನಸ್ಸು ಬದಲಾಗುತ್ತದೆ, ಹೇಳಬೇಕಾದ ಹೊಸ ಮಾತು ಹುಟ್ಟುತ್ತದೆ. ಒಂದು ಹಳೆಯ ಪದಕ್ಕೆ ಒನ್ಸ್‌ಮೋರ್ ಎನ್ನೋಣ. ಅನಂತರ ಅವರು ತಂದ ಹೊಸದಕ್ಕೂ ಅಷ್ಟೇ ಹೊತ್ತು ಸುಮ್ಮನೆ ಕಿವಿಗೊಟ್ಟು ಕುಳಿತಿರೋಣ. ಹರಕು ಸೀರೆಯ ಸಿಂಧು ಅಲ್ಲಿ ಎಲ್ಲಿಯೋ ಕಾದಿರಬಹುದು.

ನಾಡಹಬ್ಬದ ಈ ಶುಭದಿನದಂದು ಬೀಳಗಿಯ ಗೋಹರಬಾಯಿಯವರನ್ನೂ ನಾಗಠಾಣೆಯ ನಾರಾಯಣರಾವರನ್ನೂ ಒಟ್ಟಿಗೆ ನೆನೆದು, ಎರಡು ನಾಡುಗಳ ಸಂಗೀತದ ಬಾಂಧವ್ಯಕ್ಕೆ ಕೈಮುಗಿಯೋಣ.